ಸ್ಲೋ ಕುಕ್ಕರ್‌ನಲ್ಲಿ ಸಿಹಿ ಗ್ಲೇಜ್ ಹ್ಯಾಮ್: ಕೆಟ್ಟಿದ್ದು ಎಲ್ಲಿ ಅಂತ ಪತ್ತೆ ಹಚ್ಚುವುದು

ಸ್ಲೋ ಕುಕ್ಕರ್, ಅಂದರೆ ಕರೆಂಟ್‌ನಲ್ಲಿ ಗಂಟೆಗಟ್ಟಲೆ ನಿಧಾನಕ್ಕೆ ಬೇಯಿಸುವ ಪಾತ್ರೆ, ಅದರ ಮುಚ್ಚಳ ತೆಗೆದಿರಿ. ಘಮ ಏನೋ ಚೆನ್ನಾಗಿದೆ. ಆದರೆ ಮಿರಿಮಿರಿ ಮಿಂಚಬೇಕಿದ್ದ ಕಂದು ಲೇಪ ಎಲ್ಲೂ ಇಲ್ಲ. ತಳದಲ್ಲಿ ಎರಡು ಬೆರಳಿನಷ್ಟು ಸಿಹಿ ನೀರು, ಅದರ ನಡುವೆ ಮಸುಕು ಗುಲಾಬಿ ಬಣ್ಣದ ಮಾಂಸದ ಗುಡ್ಡ. ನನಗೆ ಮೊದಲ ಸಲ ಆಗಿದ್ದೂ ಇದೇ. ಸಕ್ಕರೆ ಸಾಲಲಿಲ್ಲವೇನೋ ಅಂದುಕೊಂಡು ಮುಂದಿನ ಸಲ ಇನ್ನೊಂದು ಕಪ್ ಸುರಿದೆ. ನೀರು ಇನ್ನಷ್ಟು ಸಿಹಿಯಾಯಿತು, ಅಷ್ಟೇ.

ನಾಲ್ಕಾರು ಸಲ ಮಾಡಿದ ಮೇಲೆ ಗೊತ್ತಾಯಿತು. ನಾವು ಈ ಪಾತ್ರೆಯಿಂದ ಎರಡು ಕೆಲಸ ಕೇಳುತ್ತೇವೆ. ಹ್ಯಾಮ್ ಬಿಸಿ ಮಾಡುವುದು ಒಂದು, ಗ್ಲೇಜ್, ಅಂದರೆ ಆ ಹೊಳೆಯುವ ಸಿಹಿ ಲೇಪ, ಹಿಡಿಸುವುದು ಇನ್ನೊಂದು. ಮೊದಲನೆಯದಕ್ಕೆ ಹಬೆ ಸಾಕು. ಎರಡನೆಯದಕ್ಕೆ ಒಣ ಶಾಖ ಬೇಕು. ಸ್ಲೋ ಕುಕ್ಕರ್‌ಗೆ ಬರುವುದು ಮೊದಲನೆಯ ಕೆಲಸ ಮಾತ್ರ. ಕೆಳಗಿನ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ.

ಮೊದಲು ಹೊದಿಕೆ ನೋಡಿ

ದೋಷ ಹುಡುಕುವ ಮುಂಚೆ ಕಸದ ಬುಟ್ಟಿಯಿಂದ ಹ್ಯಾಮ್‌ನ ಹೊದಿಕೆ ತೆಗೆದು ಓದಿ. ತಮಾಷೆಗೆ ಹೇಳುತ್ತಿಲ್ಲ. ಹ್ಯಾಮ್ ಅಂದರೆ ಹಂದಿಯ ಹಿಂದಿನ ತೊಡೆಯ ಮಾಂಸ. ಆದರೆ ಅಂಗಡಿಯಲ್ಲಿ ಅದು ಬೇರೆ ಬೇರೆ ಹಂತದಲ್ಲಿ ಸಿಗುತ್ತದೆ.

ಸಾಮಾನ್ಯವಾಗಿ ನಾವು ತರುವುದು ಉಪ್ಪು, ನೈಟ್ರೈಟ್ (ಮಾಂಸ ಕೆಡದಂತೆ ಹಾಕುವ ಲವಣ) ಹಾಕಿ ಹದ ಮಾಡಿ, ಪೂರ್ತಿ ಬೇಯಿಸಿ ಕಟ್ಟಿದ್ದು. ಅದು ಆಗಲೇ ಬೆಂದಿದೆ. ನಾವು ಮಾಡುವುದು ಬಿಸಿ ಮಾಡುವ ಕೆಲಸ ಅಷ್ಟೇ. ಅಮೆರಿಕದ ಕೃಷಿ ಇಲಾಖೆ ಹೇಳುವಂತೆ, ಕಾರ್ಖಾನೆಯಲ್ಲಿ ಬೇಯಿಸಿ ಅಲ್ಲೇ ಪ್ಯಾಕ್ ಮಾಡಿದ ಹ್ಯಾಮ್ ಒಳಗಡೆ 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಬೇರೆ ಕಡೆ ಬಿಚ್ಚಿ ಮತ್ತೆ ಕಟ್ಟಿದ್ದಾದರೆ, ಅಥವಾ ನಿನ್ನೆ ಉಳಿದದ್ದಾದರೆ 74 ಡಿಗ್ರಿ. ‘ತಿನ್ನುವ ಮೊದಲು ಬೇಯಿಸಿ’ ಎಂದು ಬರೆದಿದ್ದರೆ, ಅಥವಾ ಹದ ಮಾಡದ ಹಸಿ ತೊಡೆಯಾದರೆ 63 ಡಿಗ್ರಿಗೆ ತಂದು, 3 ನಿಮಿಷ ಸುಮ್ನೆ ಬಿಡಬೇಕು. ಥರ್ಮಾಮೀಟರ್ ಫ್ಯಾರನ್‌ಹೀಟ್‌ನದಾದರೆ ಇದೇ ಕ್ರಮದಲ್ಲಿ 140, 165, 145.

ಥರ್ಮಾಮೀಟರ್ ಇಲ್ಲದೆ ಮುಂದಿನದ್ದೆಲ್ಲ ಬರೀ ಊಹೆ. ಒಂದು ತಂದಿಟ್ಟುಕೊಳ್ಳಿ. ಚುಚ್ಚುವಾಗ ಅತಿ ದಪ್ಪ ಇರುವ ಕಡೆ ಚುಚ್ಚಿ, ಮೂಳೆಗೆ ತಾಗದಂತೆ ನೋಡಿಕೊಳ್ಳಿ.

ಗ್ಲೇಜ್ ನೀರಾಗಿದೆ, ಬಣ್ಣ ಬಂದಿಲ್ಲ

ಎಲ್ಲರಿಗೂ ಆಗುವ ದೋಷ ಇದು. ಅದಕ್ಕೇ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ.

ಕುಕ್ಕರ್‌ನೊಳಗೆ ಎದ್ದ ಹಬೆ ಮುಚ್ಚಳಕ್ಕೆ ತಾಗಿ, ತಣಿದು, ಹನಿಯಾಗಿ ಮತ್ತೆ ಹ್ಯಾಮ್ ಮೇಲೇ ಬೀಳುತ್ತದೆ. ಹೊರಗೆ ಹೋಗುವುದು ತುಂಬ ಕಡಿಮೆ. ಅದರ ಜೊತೆಗೆ ಹ್ಯಾಮ್ ತಾನೇ ನೀರು ಬಿಡುತ್ತದೆ. ಎಷ್ಟೋ ಹ್ಯಾಮ್‌ಗಳಿಗೆ ಹದ ಮಾಡುವಾಗಲೇ ಉಪ್ಪುನೀರು ಚುಚ್ಚಿ ತುಂಬಿಸಿರುತ್ತಾರೆ. ಹೊದಿಕೆಯಲ್ಲಿ ‘ನೀರು ಸೇರಿಸಿದೆ’ ಅಂತ ಇದ್ದರೆ ಅದೇ. ನೀವು ಬೆಳಿಗ್ಗೆ ಸವರಿದ ಗ್ಲೇಜ್ ಮಧ್ಯಾಹ್ನದ ಹೊತ್ತಿಗೆ ತೊಳೆದುಕೊಂಡು ತಳ ಸೇರಿರುತ್ತದೆ.

ಇನ್ನು ಬಣ್ಣದ ಮಾತು. ಮಾಮೂಲಿ ಸಕ್ಕರೆ ಕಂದಾಗಲು ಸುಮಾರು 160 ಡಿಗ್ರಿ ಬೇಕು. ಜೇನಿನಲ್ಲಿರುವ ಫ್ರಕ್ಟೋಸ್ ಎಂಬ ಸಕ್ಕರೆಗೆ ಸುಮಾರು 110 ಸಾಕು. ಮಾಂಸದ ಮೇಲ್ಮೈ ಹುರಿದ ಬಣ್ಣಕ್ಕೆ ಬೇಗ ತಿರುಗುವುದು 140 ದಾಟಿದ ಮೇಲೆ. ಒದ್ದೆ ಇರುವ ತನಕ ಯಾವ ಮೇಲ್ಮೈಯೂ 100 ದಾಟುವುದಿಲ್ಲ. ಎಂಟು ಗಂಟೆ ಇಟ್ಟರೂ ಅಷ್ಟೇ, ಹನ್ನೆರಡು ಗಂಟೆ ಇಟ್ಟರೂ ಅಷ್ಟೇ.

ಪಾತ್ರೆಯನ್ನು ಬೈದು ಪ್ರಯೋಜನವಿಲ್ಲ. ಇದರ ಹಿಂದಿನ ಪೇಟೆಂಟ್ 1940ರಲ್ಲಿ ಇರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕನ್‌ಗೆ ಸಿಕ್ಕಿತು. ಕಾಳು ಬೇಯಿಸುವ ಪಾತ್ರೆ ಅಂತಲೇ ಅದು ಹೆಸರಾಗಿತ್ತು. ರೈವಲ್ ಕಂಪನಿ ಅದನ್ನು ಕೊಂಡು, ತಿದ್ದಿ, 1971ರಲ್ಲಿ ಕ್ರಾಕ್-ಪಾಟ್ ಅಂತ ಮಾರಿತು. ಕಾಳಿಗೆ ಬೇಕಾದ್ದು ತೇವ ಮತ್ತು ತಾಳ್ಮೆ. ಹೊಳಪನ್ನು ಅದರಿಂದ ಯಾರೂ ಕೇಳಿರಲಿಲ್ಲ.

ಪತ್ತೆ ಹಚ್ಚುವುದು ಹೀಗೆ. ನೀವು ಹಾಕಿದ ದ್ರವ ಎಷ್ಟು, ಈಗ ಇರುವುದು ಎಷ್ಟು? ಅರ್ಧ ಕಪ್ ಹಾಕಿ ಮೂರು ಕಪ್ ಸಿಕ್ಕಿದ್ದರೆ ನೀರು ಹ್ಯಾಮ್‌ನದ್ದು, ನಿಮ್ಮ ತಪ್ಪಿಲ್ಲ. ಮೂರು ಕಪ್ ಹಾಕಿ ಮೂರೂವರೆ ಸಿಕ್ಕಿದ್ದರೆ ತಪ್ಪು ನಿಮ್ಮದೇ. ಈ ಪಾತ್ರೆಯಲ್ಲಿ ಹ್ಯಾಮ್‌ಗೆ ಅರ್ಧ ಕಪ್ ದ್ರವ ಧಾರಾಳ.

ಈಗ ಮುಂದಿರುವುದನ್ನು ಸರಿ ಮಾಡೋಣ. ಹ್ಯಾಮ್ ಎತ್ತಿ ಲೋಹದ ಟ್ರೇಗೆ ಇಡಿ. ಮೇಲೆ ಫಾಯಿಲ್ ಸಡಿಲವಾಗಿ ಹೊದಿಸಿ. ದ್ರವ ಸೋಸಿ, ಐದು ನಿಮಿಷ ಬಿಟ್ಟು, ಮೇಲೆ ತೇಲಿದ ಕೊಬ್ಬು ಚಮಚದಲ್ಲಿ ತೆಗೆಯಿರಿ. ಆಮೇಲೆ ರುಚಿ ನೋಡಿ. ಈ ಹೆಜ್ಜೆ ಮಾತ್ರ ಬಿಡಬೇಡಿ. ಉಪ್ಪು ಈಗಲೇ ನಾಲಿಗೆಗೆ ಚುರ್ ಅಂದರೆ, ಬತ್ತಿಸಿದ ಮೇಲೆ ಬಾಯಿಗಿಡಲು ಆಗುವುದಿಲ್ಲ. ಹಾಗಿದ್ದರೆ ಅರ್ಧ ಕಪ್ ಮಾತ್ರ ಇಟ್ಟುಕೊಂಡು ಉಳಿದದ್ದು ಚೆಲ್ಲಿ, ಅರ್ಧ ಕಪ್ ಸೇಬಿನ ರಸ ಸೇರಿಸಿ.

ಒಂದು ಕಪ್ ದ್ರವಕ್ಕೆ ಅರ್ಧ ಕಪ್ ಬ್ರೌನ್ ಶುಗರ್, ಒಂದು ದೊಡ್ಡ ಚಮಚ ಸಾಸಿವೆ ಪೇಸ್ಟ್, ಒಂದು ದೊಡ್ಡ ಚಮಚ ವಿನಿಗರ್. ಅಗಲ ಬಾಯಿಯ ಬಾಣಲೆಯಲ್ಲಿ ಹಾಕಿ ಕುದಿಸಿ. ಆಳದ ಪಾತ್ರೆಯಲ್ಲಿ ಇಟ್ಟರೆ ಅರ್ಧ ಗಂಟೆ ಕಾಯುತ್ತೀರಿ. ಮೊದಮೊದಲು ಗುಳ್ಳೆಗಳು ಸಣ್ಣಗೆ, ಗಡಿಬಿಡಿಯಲ್ಲಿ ಏಳುತ್ತವೆ. ಹತ್ತು ನಿಮಿಷದ ಹೊತ್ತಿಗೆ ಅವು ದೊಡ್ಡದಾಗಿ, ಹೊಳೆಯುತ್ತಾ, ನಿಧಾನಕ್ಕೆ ಎದ್ದು ಪಟ್ ಅಂತ ಒಡೆಯುತ್ತವೆ. ಕುದಿಯುವ ಸದ್ದೂ ದಪ್ಪಗಾಗುತ್ತದೆ. ಆಗ ಒಂದು ತೊಟ್ಟು ತಣ್ಣನೆ ತಟ್ಟೆ ಮೇಲೆ ಬಿಟ್ಟು, ಅದು ಆರಿದ ಮೇಲೆ ಎರಡು ಬೆರಳಿನ ನಡುವೆ ಹಿಡಿದು ಬಿಡಿಸಿ. ಸಣ್ಣ ಎಳೆ ಬಂದು ಕಡಿದರೆ ಸಾಕು. ಗಟ್ಟಿ ಎಳೆ ತನಕ ಕಾದರೆ ಹ್ಯಾಮ್ ಮೇಲೆ ಹಾಕಿದ ಕೂಡಲೇ ಮಿಠಾಯಿಯಾಗಿ ಗಟ್ಟಿಯಾಗುತ್ತದೆ. ಬಾಣಲೆಯಲ್ಲಿರುವುದನ್ನು ನೇರವಾಗಿ ಬೆರಳಲ್ಲಿ ಮುಟ್ಟಬೇಡಿ. ಬಿಸಿ ಪಾಕ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಕಾರ್ನ್‌ಫ್ಲೋರ್ ಹಾಕಿದರೆ ಆಗಲ್ವಾ? ಆಗುತ್ತದೆ. ಒಂದು ದೊಡ್ಡ ಚಮಚವನ್ನು ಅಷ್ಟೇ ತಣ್ಣೀರಿನಲ್ಲಿ ಕದಡಿ ಹಾಕಿದರೆ ಒಂದು ಕಪ್ ದ್ರವ ಎರಡು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಅದು ಗ್ರೇವಿ. ಪಕ್ಕದಲ್ಲಿ ಬಡಿಸಲು ಚೆನ್ನ, ಮೇಲೆ ಸವರಲು ಅಲ್ಲ.

ಸವರುವ ಮೊದಲು ಹ್ಯಾಮ್‌ನ ಮೇಲ್ಮೈಯನ್ನು ಟಿಶ್ಯೂ ಪೇಪರ್‌ನಲ್ಲಿ ಒತ್ತಿ ಒರೆಸಿ. ಒದ್ದೆ ಇದ್ದರೆ ಎಂಥ ಪಾಕವಾದರೂ ಜಾರುತ್ತದೆ. ಬ್ರಷ್‌ನಲ್ಲಿ ತೆಳ್ಳಗೆ ಒಂದು ಸುತ್ತು ಹಚ್ಚಿ, 220 ಡಿಗ್ರಿ ಓವನ್‌ನಲ್ಲಿ ಐದು ನಿಮಿಷ. ಮತ್ತೊಂದು ಸುತ್ತು, ಮತ್ತೈದು ನಿಮಿಷ. ಮೂರನೆಯ ಸುತ್ತಿಗೆ ಹೊಳಪು ಕೂರುತ್ತದೆ. ಮೇಲಿನ ಗ್ರಿಲ್ ಹಾಕುವುದಾದರೆ ಓವನ್ ಬಾಗಿಲ ಮುಂದೆಯೇ ನಿಂತಿರಿ. ಅಲ್ಲಿ ಕಂದಿಗೂ ಕಪ್ಪಿಗೂ ನಡುವೆ ಒಂದೇ ನಿಮಿಷ. ಕುಕ್ಕರ್‌ನ ಪಿಂಗಾಣಿ ಪಾತ್ರೆಯನ್ನೇ ಗ್ರಿಲ್ ಕೆಳಗೆ ತಳ್ಳಬೇಡಿ, ಬಿರುಕು ಬಿಡಬಹುದು.

ಓವನ್ ಇಲ್ಲವೇ? ಹ್ಯಾಮ್ ಅನ್ನು ದಪ್ಪ ಹೋಳು ಮಾಡಿ. ಕಾದ ಬಾಣಲೆಯಲ್ಲಿ ಎರಡು ಚಮಚ ಪಾಕ ಹಾಕಿ, ಹೋಳುಗಳನ್ನು ಒಂದೊಂದು ಬದಿ ಒಂದು ನಿಮಿಷ ಹೊರಳಿಸಿ. ಇಡೀ ಹ್ಯಾಮ್‌ನ ಗತ್ತು ಸಿಗುವುದಿಲ್ಲ, ಆದರೆ ರುಚಿಯಲ್ಲಿ ಇದೇ ಮೇಲು ಅನ್ನಿಸಿದ್ದೂ ಇದೆ.

ಮುಂದಿನ ಸಲ ಗ್ಲೇಜ್ ಅನ್ನು ಶುರುವಿನಲ್ಲಿ ಹಾಕಲೇಬೇಡಿ. ಕೊನೆಯ ಒಂದು ಗಂಟೆ ಮುಚ್ಚಳದ ಕೆಳಗೆ ದಪ್ಪ ಬಟ್ಟೆ ಅಡ್ಡ ಕಟ್ಟಿದರೆ ಹನಿ ಅದಕ್ಕೇ ಇಳಿಯುತ್ತದೆ. ಬಟ್ಟೆಯ ಅಂಚುಗಳನ್ನು ಮೇಲಕ್ಕೆ ಮಡಚಿ ಮುಚ್ಚಳದ ಹಿಡಿಗೆ ಗಂಟು ಹಾಕಿ, ಬಿಸಿ ಮೈಗೆ ತಾಗುವಂತೆ ಜೋತು ಬಿಡಬೇಡಿ.

ಮೇಲೆ ನೀರು, ಅಂಚಿನಲ್ಲಿ ಕರಕಲು

ಒಂದೇ ಪಾತ್ರೆಯಲ್ಲಿ ಎರಡೂ ಹೇಗೆ ಅಂತ ತಲೆ ಕೆರೆದುಕೊಳ್ಳಬೇಡಿ. ಬಹಳಷ್ಟು ಕುಕ್ಕರ್‌ಗಳಲ್ಲಿ ಕಾಯುವ ತಂತಿ ಪಾತ್ರೆಯ ಸುತ್ತ ಗೋಡೆಯಲ್ಲಿ ಇರುತ್ತದೆ. ದ್ರವದ ಮಟ್ಟಕ್ಕೆ ಸ್ವಲ್ಪ ಮೇಲೆ ಗೋಡೆಗೆ ಹಾರಿದ ಪಾಕ ತೆಳ್ಳಗೆ ಅಂಟಿ, ಅಲ್ಲಿ ನೀರು ಆರಿ, ಸೀದು ಹೋಗುತ್ತದೆ. ಕಪ್ಪು ಉಂಗುರದಂತೆ ಕಂಡರೆ ಇದೇ ಕಾರಣ. ಕಪ್ಪು ತಳದಲ್ಲಿದ್ದರೆ ಸಕ್ಕರೆ ಕರಗದೆ ಕೂತಿತ್ತು ಅಂತ ಅರ್ಥ.

ಕೆರೆಯಬೇಡಿ, ಕಲಕಬೇಡಿ. ದ್ರವವನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿಕೊಳ್ಳಿ. ಕಹಿ ಬಂದಿದ್ದರೆ ಸಕ್ಕರೆ ಸುರಿದು ಮುಚ್ಚುವ ಆಸೆ ಬಿಡಿ, ಹೊಸ ಗ್ಲೇಜ್ ಮಾಡಿ. ಮುಂದೆ ಸಕ್ಕರೆಯನ್ನು ಬಿಸಿ ರಸದಲ್ಲಿ ಕರಗಿಸಿಯೇ ಹಾಕಿ.

ನೀರಲ್ಲೇ ಕೂತಿತ್ತು, ಆದರೂ ಒಣಗಿದೆ

ಒಣಗುವುದಕ್ಕೂ ಸುತ್ತಲಿನ ನೀರಿಗೂ ಸಂಬಂಧ ಕಡಿಮೆ. ಒಳಗಿನ ಬಿಸಿ ಏರಿದಂತೆ ಮಾಂಸದ ನಾರುಗಳು ಕುಗ್ಗಿ, ಹಿಂಡಿದ ಬಟ್ಟೆಯಂತೆ ತಮ್ಮ ನೀರನ್ನು ಹೊರಗೆ ಹಾಕುತ್ತವೆ. ಥರ್ಮಾಮೀಟರ್ ಚುಚ್ಚಿ ನೋಡಿ. 60 ಸಾಕಾಗಿದ್ದ ಹ್ಯಾಮ್ 80 ತೋರಿಸುತ್ತಿದ್ದರೆ ಬೇರೆ ಸಾಕ್ಷಿ ಬೇಡ.

ಇಲ್ಲಿ ಒಂದು ದೊಡ್ಡ ತಪ್ಪು ತಿಳುವಳಿಕೆ ಇದೆ. ಕುಕ್ಕರ್‌ನ ಗುಂಡಿಯನ್ನು ‘ಲೋ’ (ಕಡಿಮೆ ಬಿಸಿ)ದಲ್ಲಿಟ್ಟರೆ ಎಷ್ಟು ಹೊತ್ತಾದರೂ ಏನೂ ಆಗಲ್ಲ ಅಂತ. ಎಷ್ಟೋ ಕುಕ್ಕರ್‌ಗಳಲ್ಲಿ ಲೋ, ಹೈ ಎರಡೂ ಕೊನೆಗೆ ಮುಟ್ಟುವುದು ಹೆಚ್ಚುಕಡಿಮೆ ಒಂದೇ ಬಿಸಿಯನ್ನು, ಕುದಿಯುವ ಹತ್ತಿರಕ್ಕೆ. ವ್ಯತ್ಯಾಸ ಇರುವುದು ಅಲ್ಲಿಗೆ ಎಷ್ಟು ಬೇಗ ತಲುಪುತ್ತದೆ ಅನ್ನುವುದರಲ್ಲಿ. ಹಾಗಾಗಿ ಬೆಳಿಗ್ಗೆ ಲೋದಲ್ಲಿಟ್ಟು ಕೆಲಸಕ್ಕೆ ಹೋಗಿ ಸಂಜೆ ಬರುವ ಅಡುಗೆ ಇದಲ್ಲ. 3ರಿಂದ 4 ಕಿಲೋ ತೂಕದ ಮೂಳೆ ಸಹಿತ ಹ್ಯಾಮ್‌ಗೆ ಲೋದಲ್ಲಿ ನಾಲ್ಕೈದು ಗಂಟೆ ಅಂತ ಇಟ್ಟುಕೊಳ್ಳಿ, ಮೂರನೇ ಗಂಟೆಯಿಂದಲೇ ಚುಚ್ಚಿ ನೋಡಲು ಶುರು ಮಾಡಿ. ಸುರುಳಿಯಾಗಿ ಮೊದಲೇ ಹೋಳು ಮಾಡಿಟ್ಟದ್ದು ಇನ್ನೂ ಬೇಗ ಒಣಗುತ್ತದೆ. ಪ್ರತಿ ಹೋಳಿನ ಸಂದಿಯಲ್ಲೂ ರಸ ಹರಿದು ಹೋಗಲು ದಾರಿ ಇರುತ್ತದಲ್ಲ. ಅದನ್ನು ಕತ್ತರಿಸಿದ ಮುಖ ಕೆಳಗೆ ಮಾಡಿ, ಫಾಯಿಲ್ ಹೊದಿಸಿ ಇಡಿ.

ಒಣಗಿದ ಮೇಲೆ ಮಾಡುವುದು ಇಷ್ಟೇ: ನಾರಿಗೆ ಅಡ್ಡವಾಗಿ ತೆಳ್ಳಗೆ ಹೋಳು ಮಾಡಿ, ಬಿಸಿ ರಸದಲ್ಲಿ ಹತ್ತು ನಿಮಿಷ ನೆನೆಸಿ. ಹೋದ ನೀರು ವಾಪಸ್ ಬರುವುದಿಲ್ಲ. ಆದರೆ ಬಾಯಿಗೆ ಒರಟು ಅನ್ನಿಸುವುದಿಲ್ಲ.

ಹೊರಗೆ ಬಿಸಿ, ಒಳಗೆ ತಣ್ಣಗೆ

ಮೂರು ಪ್ರಶ್ನೆ ಕೇಳಿಕೊಳ್ಳಿ. ಹ್ಯಾಮ್‌ನ ಹೆಪ್ಪು ಪೂರ್ತಿ ಕರಗಿತ್ತಾ? ಮುಚ್ಚಳ ಸರಿಯಾಗಿ ಕೂತಿತ್ತಾ? ನಡುನಡುವೆ ಎಷ್ಟು ಸಲ ಇಣುಕಿದಿರಿ?

ಫ್ರೀಜರ್‌ನಿಂದ ತೆಗೆದು ನೇರ ಕುಕ್ಕರ್‌ಗೆ ಹಾಕುವುದು ಅಪಾಯ. 4ರಿಂದ 60 ಡಿಗ್ರಿ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತವೆ. ಹೆಪ್ಪುಗಟ್ಟಿದ ಹ್ಯಾಮ್‌ನ ನಡುಭಾಗ ಆ ಪಟ್ಟಿಯೊಳಗೇ ಗಂಟೆಗಟ್ಟಲೆ ಕೂತಿರುತ್ತದೆ. ಮೊದಲು ಫ್ರಿಜ್‌ನಲ್ಲಿಟ್ಟು ಕರಗಿಸಿ, 2 ಕಿಲೋಗೆ ಸುಮಾರು 24 ಗಂಟೆ ಲೆಕ್ಕ. 4 ಕಿಲೋ ಆದರೆ ಎರಡು ದಿನ.

ಹ್ಯಾಮ್ ದೊಡ್ಡದಾಗಿ ಮುಚ್ಚಳ ಎದ್ದು ನಿಂತಿದ್ದರೆ ಬಿಸಿ ಆ ಸಂದಿಯಿಂದಲೇ ಹೋಗುತ್ತದೆ. ಒಂದು ಬದಿ ಕತ್ತರಿಸಿ ಪಕ್ಕದಲ್ಲಿ ತುರುಕಿ. ಆಗದಿದ್ದರೆ ಫಾಯಿಲ್ ಅನ್ನು ಎರಡು ಪದರ ಮಾಡಿ ಟೋಪಿಯಂತೆ ಬಿಗಿಯಾಗಿ ಮುಚ್ಚಿ, ಅಂಚನ್ನು ಸುತ್ತಲೂ ಒತ್ತಿ. ಇನ್ನು ಇಣುಕುವ ಚಟ. ಒಂದು ಸಲ ಮುಚ್ಚಳ ತೆಗೆದರೆ ಮೊದಲಿನ ಬಿಸಿಗೆ ಬರಲು 20ರಿಂದ 30 ನಿಮಿಷ ಹಿಡಿಯುತ್ತದೆ. ಹಾಗಾದರೆ ಚುಚ್ಚಿ ನೋಡುವುದು ಹೇಗೆ ಅಂತೀರಾ? ತಂತಿ ಇರುವ ಥರ್ಮಾಮೀಟರ್ ಆದರೆ ಮುಚ್ಚಳದಡಿಯಿಂದ ಹೊರಗೆ ಎಳೆದಿಡಿ. ಇಲ್ಲದಿದ್ದರೆ ಗಂಟೆಗೊಮ್ಮೆ ಸಾಕು.

ಹಾಕುವಾಗ ಪೂರ್ತಿ ಕರಗಿದ್ದು, ಮುಂಚೆಯೇ ಬೆಂದ ಹ್ಯಾಮ್ ಆದರೆ, ಫಾಯಿಲ್ ಹೊದಿಸಿ 165 ಡಿಗ್ರಿ ಓವನ್‌ಗೆ ವರ್ಗಾಯಿಸಿ. ನೀವು ಮನೆಯಲ್ಲಿ ಇಲ್ಲದಾಗ ಕರೆಂಟ್ ಹೋಗಿ, ಎಷ್ಟು ಹೊತ್ತು ಹೋಗಿತ್ತು ಅಂತ ಗೊತ್ತಿಲ್ಲದಿದ್ದರೆ ಎಸೆಯಿರಿ. ಹೊಟ್ಟೆ ಉರಿಯುತ್ತದೆ, ಆದರೂ ಎಸೆಯಿರಿ.

ಉಪ್ಪು, ಬರೀ ಉಪ್ಪು

ಹ್ಯಾಮ್ ಅಂದ ಮೇಲೆ ಉಪ್ಪು ಇದ್ದದ್ದೇ. ಅದರ ಮೇಲೆ ನಾವೇ ಹೇಗೆ ಸೇರಿಸುತ್ತೇವೆ ನೋಡಿ: ಉಪ್ಪಿರುವ ಸ್ಟಾಕ್ (ಮೂಳೆ, ತರಕಾರಿ ಬೇಯಿಸಿ ತೆಗೆದ ಸಾರು), ಉಪ್ಪಿರುವ ಸಾಸಿವೆ ಪೇಸ್ಟ್, ಸೋಯಾ ಸಾಸ್, ಕೊನೆಗೆ ಬತ್ತಿಸಿದ ರಸ. ಸ್ಟಾಕ್ ಬದಲು ಹಣ್ಣಿನ ರಸ ಅಥವಾ ನೀರು ಹಾಕಿ. ತುಂಬ ಉಪ್ಪಿನ ಜಾತಿಯದಾದರೆ ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಡಿ, ನೀರು ಒಂದೆರಡು ಸಲ ಬದಲಿಸಿ. ಬೆಂದ ಮೇಲಾದರೆ ಹೋಳು ತೆಳ್ಳಗಿರಲಿ, ಗ್ಲೇಜ್‌ಗೆ ವಿನಿಗರ್ ಒಂದು ಚಮಚ ಜಾಸ್ತಿ ಬೀಳಲಿ. ಆಲೂಗಡ್ಡೆ ಹಾಕಿದರೆ ಉಪ್ಪು ಹೀರುತ್ತದೆ ಅಂತಾರೆ. ಅದು ಹೀರುವುದು ಉಪ್ಪುನೀರನ್ನು, ಹ್ಯಾಮ್‌ನ ಉಪ್ಪು ಹ್ಯಾಮ್‌ನಲ್ಲೇ ಇರುತ್ತದೆ.

ಮೇಲ್ಭಾಗ ಪಿಚಪಿಚ ಅನ್ನುತ್ತಿದೆ

ತಾಜಾ ಅನಾನಸ್ ಹಾಕಿದ್ದಿರಾ? ಹಾಗಿದ್ದರೆ ಕಳ್ಳ ಸಿಕ್ಕಿದ. ಹಸಿ ಅನಾನಸ್‌ನಲ್ಲಿ ಬ್ರೋಮೆಲೈನ್ ಅನ್ನುವ ಕಿಣ್ವ ಇದೆ, ಅದು ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಬಿಸಿ ಓವನ್‌ನಲ್ಲಾದರೆ ಕಿಣ್ವ ಬೇಗ ಸಾಯುತ್ತದೆ. ಸ್ಲೋ ಕುಕ್ಕರ್ ನಿಧಾನಕ್ಕೆ ಕಾಯುವುದರಿಂದ ಅದಕ್ಕೆ ಇಷ್ಟವಾದ ಬೆಚ್ಚಗಿನ ಹಂತದಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ. ಹಣ್ಣಿನ ಬಿಲ್ಲೆ ಇಟ್ಟ ಜಾಗದಲ್ಲಿ ಮಾತ್ರ ಮಾಂಸ ಉಗುರಿನಲ್ಲಿ ಎದ್ದು ಬಂದರೆ ಅನುಮಾನವೇ ಬೇಡ. ಡಬ್ಬಿಯ ಅನಾನಸ್ ಬಳಸಿ, ಡಬ್ಬಿಗೆ ತುಂಬುವಾಗಲೇ ಕಾಯಿಸಿರುವುದರಿಂದ ಕಿಣ್ವ ಕೆಲಸ ಮಾಡುವುದಿಲ್ಲ. ತಾಜಾದೇ ಬೇಕೆಂದರೆ ಐದು ನಿಮಿಷ ಕುದಿಸಿ ಹಾಕಿ.

ಬಣ್ಣ ನೋಡಿ ಗಾಬರಿ

ಗುಲಾಬಿ ಇದೆ, ಬೆಂದಿಲ್ಲವೇನೋ? ಹದ ಮಾಡಿದ ಹ್ಯಾಮ್ ಎಷ್ಟು ಬೇಯಿಸಿದರೂ ಗುಲಾಬಿಯೇ, ಅದು ನೈಟ್ರೈಟ್‌ನ ಬಣ್ಣ. ಹದ ಮಾಡದ ಹಸಿ ತೊಡೆ ಬೂದು ಬಿಳಿಯಾಗುತ್ತದೆ, ಅದೂ ಸರಿಯೇ. ಹೋಳಿನ ಮೇಲೆ ಕಾಮನಬಿಲ್ಲಿನ ಹೊಳಪು ಕಂಡರೆ ಅದು ಕತ್ತರಿಸಿದ ನಾರುಗಳ ಮೇಲೆ ಬೆಳಕು ಚದುರುವ ಆಟ. ಕೆಟ್ಟಿದೆ ಅನ್ನಲು ಲೋಳೆ ಅಥವಾ ಹುಳಿ ವಾಸನೆ ಇರಬೇಕು.

ಸುಟ್ಟ ಪ್ಲಾಸ್ಟಿಕ್ ವಾಸನೆ

ಇದನ್ನು ಬರೆಯಲು ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ. ಮೂಳೆ ಸಹಿತ ಹ್ಯಾಮ್‌ಗಳಲ್ಲಿ ಕೆಲವು ಸಲ ಮೂಳೆಯ ತುದಿಗೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಬಿಲ್ಲೆ ಅಂಟಿಸಿರುತ್ತಾರೆ, ಮೂಳೆ ಹೊದಿಕೆಯನ್ನು ಹರಿಯದಿರಲಿ ಅಂತ. ಕೊಬ್ಬಿನ ಜೊತೆ ಬೆರೆತು ಅದು ಕಣ್ಣಿಗೇ ಬೀಳುವುದಿಲ್ಲ. ನಾನು ಕತ್ತರಿಸುವಾಗ ಚಾಕು ಟಕ್ ಅಂದಾಗಲೇ ನೋಡಿದ್ದು. ಒಳಗೆ ಹಾಕುವ ಮೊದಲು ಮೂಳೆಯ ಸುತ್ತ ಒಮ್ಮೆ ಬೆರಳಾಡಿಸಿ. ಬಿಲ್ಲೆ ಕರಗಿ ಹರಡಿದ್ದರೆ, ಅಥವಾ ಮಾಂಸಕ್ಕೇ ಆ ವಾಸನೆ ಹತ್ತಿದ್ದರೆ ತಿನ್ನಬೇಡಿ.

ಎಲ್ಲ ಸರಿ ಇದ್ದೂ ಪ್ರತಿ ಸಲ ಕೆಡುತ್ತಿದೆ

ಆಗ ಕುಕ್ಕರ್ ಮೇಲೇ ಅನುಮಾನ ಪಡಿ. ಮೊದಲು ಥರ್ಮಾಮೀಟರ್ ಸುಳ್ಳು ಹೇಳುತ್ತಿಲ್ಲ ತಾನೇ ಅಂತ ನೋಡಿ. ಐಸ್ ತುಂಬಿದ ನೀರಿನಲ್ಲಿ ಅದು 0 ತೋರಿಸಬೇಕು. ಆಮೇಲೆ ಕುಕ್ಕರ್‌ಗೆ 2 ಲೀಟರ್ ನೀರು ಹಾಕಿ, ಮುಚ್ಚಿ, ಲೋದಲ್ಲಿ 8 ಗಂಟೆ ಬಿಡಿ. ಮುಚ್ಚಳ ತೆಗೆದ ಕೂಡಲೇ ಅಳೆಯಿರಿ, ತಡ ಮಾಡಿದರೆ ಬಿಸಿ ಇಳಿದುಬಿಡುತ್ತದೆ. 85 ಡಿಗ್ರಿ ಆಸುಪಾಸು ಇದ್ದರೆ ಕುಕ್ಕರ್ ನೆಟ್ಟಗಿದೆ. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ನಿಮ್ಮದು ಬೇಗ ಕಾಯುವ ಜಾತಿ, ಹೇಳಿದ ಹೊತ್ತಿಗಿಂತ ಒಂದು ಗಂಟೆ ಮುಂಚೆಯೇ ಚುಚ್ಚಿ ನೋಡಿ. ಕಡಿಮೆ ಇದ್ದರೆ ಅದರಲ್ಲಿ ಮಾಂಸ ಮಾಡುವುದನ್ನು ನಿಲ್ಲಿಸಿ, ಬೇರೆ ಕುಕ್ಕರ್ ನೋಡಿ.